ಅಟ್ಟದಲ್ಲಿ ಕಮ್ಮಿಯಾದ ಕಾಯಿ

ಗುಬ್ಬಿ ಸೀಮೆಯ ತೋಟದ ಮನೆಗಳಲ್ಲಿ ಅಟ್ಟದ ಮೇಲಿನ ತೆಂಗಿನಕಾಯಿಯನ್ನು ಯಾರೂ ದಿನಾ ಎಣಿಸುವುದಿಲ್ಲ. ಕೆಡವಿದ ಕಾಯಿ ಸಿಪ್ಪೆಸಮೇತ ಅಟ್ಟ ಸೇರುತ್ತದೆ. ಹತ್ತು-ಹನ್ನೊಂದು ತಿಂಗಳು ಅಲ್ಲೇ ಒಣಗುತ್ತದೆ. ಅಲ್ಲಾಡಿಸಿದಾಗ ಒಳಗಿನ ಗಿಟುಕು ಲೊಟಲೊಟ ಎಂದರೆ ಇಳಿಸಿ, ಸುಲಿದು, ಒಡೆದು ತಿಪಟೂರಿನ ಮಾರುಕಟ್ಟೆಗೆ ಸಾಗಿಸುತ್ತಾರೆ.

ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಅಟ್ಟವನ್ನು ಕಲ್ಪಿಸಿಕೊಳ್ಳೋಣ. ತಿಂಗಳಿಗೆ 1000 ಕಾಯಿ ಮೇಲೇರುತ್ತವೆ. ಅಲ್ಲಿರುವುದರಲ್ಲಿ ಹತ್ತರಲ್ಲೊಂದು ಪಾಲು ಪ್ರತಿ ತಿಂಗಳೂ ಒಣಗಿ ಕೆಳಗಿಳಿಯುತ್ತದೆ. ಹೀಗೇ ಕೆಲವು ವರ್ಷ ನಡೆದರೆ ಅಟ್ಟದಲ್ಲಿ 10,000 ಕಾಯಿ ನಿಂತುಬಿಡುತ್ತವೆ. ಅದರ ಹತ್ತನೇ ಒಂದು ಪಾಲು 1000, ಬಂದಷ್ಟೇ ಹೋಗುತ್ತದೆ. ಈಗ ಯಜಮಾನರು ಒಂದು ದಿನ ಏಣಿ ಹತ್ತಿ ಎಣಿಸಿದರೆ 6000 ಮಾತ್ರ ಇವೆ ಅನ್ನಿ. ಹೋದ ತಿಂಗಳು ಎಣಿಸಿದಾಗಲೂ ಅಷ್ಟೇ ಇತ್ತು. ಒಣಗಿ ಇಳಿಯುವುದು 600, ಏರುವುದು 1000. ಉಳಿದ 400 ಕಾಯಿ ಎಲ್ಲಿಗೆ? ತಿಂಗಳಿಗೆ 400ರಂತೆ ಯಾರೋ ಸಾಗಿಸುತ್ತಿದ್ದಾರೆ. ಕಳ್ಳನನ್ನು ಕಣ್ಣಲ್ಲಿ ನೋಡಬೇಕಿಲ್ಲ, ರಾತ್ರಿ ಕಾವಲು ಕೂರಬೇಕಿಲ್ಲ. ಕಮ್ಮಿಯಾದ ಲೆಕ್ಕವೇ ಅವನ ವೇಗವನ್ನು ಹೇಳುತ್ತದೆ.

ಧ್ರುವ ಸಾಗರಗಳಲ್ಲಿ ಇಂಗಾಲ ಎಷ್ಟು ಮುಳುಗುತ್ತಿದೆ ಎಂದು ಅಳೆಯುವ ಉಪಾಯ ಇದೇ. ಅಲ್ಲಿ ಕಾಯಿಯ ಬದಲು ಥೋರಿಯಂ-234 ಎಂಬ ವಿಕಿರಣಶೀಲ ಪರಮಾಣು. ಕಾಯಿ ಕೊಡುವ ತೋಟದ ಬದಲು ಯುರೇನಿಯಂ.

ಈ ಯುರೇನಿಯಮ್ಮಿನ ಬೇರು ಹುಡುಕಲು ಅಂಟಾರ್ಕ್ಟಿಕಾಗೆ ಹೋಗಬೇಕಿಲ್ಲ, ತುಮಕೂರಿನ ಪಕ್ಕದ ದೇವರಾಯನದುರ್ಗಕ್ಕೆ ಹೋದರೆ ಸಾಕು. ಬಳ್ಳಾರಿ ಕಡೆಯಿಂದ ರಾಮನಗರದವರೆಗೆ ಉದ್ದಕ್ಕೆ ಚಾಚಿದ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿಯ ಸೀಮೆ ಇದು. (ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು.) ಬಂಡೆಯ ವಯಸ್ಸು ಸುಮಾರು 250 ಕೋಟಿ ವರ್ಷ. ಎಲ್ಲ ಗ್ರಾನೈಟಿನ ಹಾಗೆ ಇದರೊಳಗೂ ಹತ್ತು ಲಕ್ಷದಲ್ಲಿ ಕೆಲವು ಪಾಲು ಯುರೇನಿಯಂ ಇದೆ, ಅದಕ್ಕಿಂತ ಹೆಚ್ಚು ಥೋರಿಯಂ ಇದೆ. ಬಂಡೆಯಲ್ಲಿ ಇವೆರಡೂ ಅಕ್ಕಪಕ್ಕದ ಮನೆಯವು. ಮಳೆ ಬಿದ್ದು ಬಂಡೆ ಸವೆದಾಗ ಮಾತ್ರ ಇವುಗಳ ಸ್ವಭಾವ ಬಯಲಾಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡು ನೀರಿನಲ್ಲಿ ಕರಗಿ ಕಾರ್ಬೊನೇಟಾಗುತ್ತದೆ. ಯುರೇನಿಯಂ ಆ ಕಾರ್ಬೊನೇಟಿನ ಕೈ ಹಿಡಿದು ನೀರಿನೊಂದಿಗೆ ಹೊರಟುಬಿಡುತ್ತದೆ. ಥೋರಿಯಂ ಹೊರಡುವುದಿಲ್ಲ. ಅದಕ್ಕೆ ನೀರು ಒಗ್ಗದು. ಹತ್ತಿರ ಸಿಕ್ಕ ಮಣ್ಣಿನ ಕಣಕ್ಕೆ ಅಂಟಿಕೊಂಡು ಕೂರುತ್ತದೆ.

ದೇವರಾಯನದುರ್ಗದಲ್ಲಿ ಹುಟ್ಟಿದ ಶಿಂಷಾ ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯ ದಾಟಿ ಕಾವೇರಿ ಸೇರುತ್ತದೆ. ಅದೇ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಬಡಗಕ್ಕೆ ಹರಿದು ಪೆನ್ನಾರ್ ಸೇರುತ್ತದೆ. ಎರಡೂ ಕೊನೆಗೆ ಬಂಗಾಳ ಕೊಲ್ಲಿಗೆ. ದಾರಿಯ ಕೆರೆಗಳಲ್ಲಿ ಹೂಳು ನಿಲ್ಲುತ್ತದೆ, ಹೂಳಿನೊಂದಿಗೆ ಥೋರಿಯಂ ನಿಲ್ಲುತ್ತದೆ. ಯುರೇನಿಯಂ ಮುಂದಕ್ಕೆ ಹೋಗುತ್ತದೆ. ಹೊಳೆಯ ದಾರಿ ಸಿಗದ ಯುರೇನಿಯಂ ಬಂಡೆಯ ಬಿರುಕುಗಳ ನೀರಿನಲ್ಲಿ ಉಳಿದು ಕೊಳವೆಬಾವಿಯಿಂದ ಮೇಲೆ ಬರುತ್ತದೆ. ಪೂರ್ವ ಕರ್ನಾಟಕದ ಹಲವು ಹಳ್ಳಿಗಳ, ತುಮಕೂರು ಜಿಲ್ಲೆಯವೂ ಸೇರಿದಂತೆ, ಕೊಳವೆಬಾವಿ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಮೀರಿದ ಯುರೇನಿಯಂ ಇರುವುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಸಮುದ್ರದ ನೀರಿನಲ್ಲಿ ಎಷ್ಟಿದೆ ಗೊತ್ತೇ? ಲೀಟರಿಗೆ 3.3 ಮೈಕ್ರೋಗ್ರಾಂ. ನಮ್ಮ ಕೆಲವು ಬೋರ್‌ವೆಲ್‌ಗಳು ಈ ಒಂದು ವಿಷಯದಲ್ಲಿ ಸಮುದ್ರಕ್ಕಿಂತ ಹತ್ತು ಪಟ್ಟು ಮುಂದಿವೆ. ಹೆಮ್ಮೆಪಡುವ ಸಂಗತಿಯೇನಲ್ಲ, ಮೂತ್ರಪಿಂಡಕ್ಕೆ ಒಳ್ಳೆಯದೂ ಅಲ್ಲ.

ಕಡಲು ಸೇರಿದ ಯುರೇನಿಯಂ ಅಲ್ಲಿ ಲಕ್ಷಗಟ್ಟಲೆ ವರ್ಷ ಉಳಿಯುತ್ತದೆ. ಸಾಗರಗಳ ನೀರು ಒಂದರೊಳಗೊಂದು ಕಲೆಯಲು ಬೇಕಾಗುವುದು ಸಾವಿರಗಳ ಲೆಕ್ಕದ ವರ್ಷ ಮಾತ್ರ. ಆದ್ದರಿಂದ ಅದು ಎಲ್ಲ ಕಡೆಗೂ ಹದವಾಗಿ ಬೆರೆತುಹೋಗಿದೆ. ನೀರಿನ ಉಪ್ಪು ಎಷ್ಟೆಂದು ಅಳೆದರೆ ಸಾಕು, ಯುರೇನಿಯಂ ಎಷ್ಟೆಂದು ಬಾಯಿಲೆಕ್ಕದಲ್ಲೇ ಹೇಳಬಹುದು. ದೇವರಾಯನದುರ್ಗದಿಂದ ತೊಳೆದುಹೋದ ಯುರೇನಿಯಮ್ಮಿನ ಪಾಲು ಅಂಟಾರ್ಕ್ಟಿಕಾದ ಹಿಮದಂಚಿನ ನೀರಿನಲ್ಲೂ ಇದೆ ಎನ್ನಲು ಕವಿಕಲ್ಪನೆ ಬೇಕಿಲ್ಲ, ಈ ಎರಡು ಅಂಕಿಗಳು ಸಾಕು.

ಥೋರಿಯಂ ಹೂಳಿನಲ್ಲೇ ನಿಂತಿತು ಎಂದಮೇಲೆ ಅದು ಅಂಟಾರ್ಕ್ಟಿಕಾಗೆ ಹೇಗೆ ಹೋಯಿತು? ಅಲ್ಲಿಯೇ ಹುಟ್ಟುತ್ತದೆ. ಬಂಡೆಯಲ್ಲಿರುವುದು ಬಹುಪಾಲು ಥೋರಿಯಂ-232, ಕೋಟ್ಯಂತರ ವರ್ಷ ಬಾಳುವ ಹಿರಿಯಣ್ಣ. ನಮಗೆ ಬೇಕಾದದ್ದು ಥೋರಿಯಂ-234. ನೀರಿನಲ್ಲಿ ಕರಗಿದ ಯುರೇನಿಯಂ-238 ಒಡೆದಾಗ ಹುಟ್ಟುವ, 24 ದಿನಕ್ಕೆ ಅರ್ಧ ತೀರಿಹೋಗುವ ಅಲ್ಪಾಯುಷಿ. ಇದನ್ನು ಮೊದಲು ಹಿಡಿದವರು ಲಂಡನ್ನಿನ ವಿಲಿಯಂ ಕ್ರೂಕ್ಸ್, 1900ರಲ್ಲಿ. ಯುರೇನಿಯಮ್ಮಿನ ದ್ರಾವಣಕ್ಕೆ ಅಮೋನಿಯಂ ಕಾರ್ಬೊನೇಟ್ ಹಾಕುತ್ತ ಹೋದರು. ಯುರೇನಿಯಂ ಎಲ್ಲ ಕರಗಿತು, ತಳದಲ್ಲಿ ಚೂರು ಗಸಿ ಉಳಿಯಿತು. ಫೋಟೋ ತಟ್ಟೆಯನ್ನು ಕಪ್ಪಾಗಿಸುವ ಶಕ್ತಿ ಪೂರ್ತಿ ಆ ಗಸಿಗೆ ಬಂದಿತ್ತು. ಅದಕ್ಕೆ ‘ಯುರೇನಿಯಂ ಎಕ್ಸ್’ ಎಂದು ಹೆಸರಿಟ್ಟರು. ಅದು ಥೋರಿಯಂ-234 ಎಂಬುದು ಆಮೇಲೆ ತಿಳಿಯಿತು. ಶಿಂಷಾ ನದಿ ಮಾಡುವ ಕೆಲಸವನ್ನೇ ಕ್ರೂಕ್ಸ್ ಗಾಜಿನ ಲೋಟದಲ್ಲಿ ಮಾಡಿದ್ದರು.

ಇಷ್ಟಾದ ಮೇಲೆ ಸಮುದ್ರದ ಅಟ್ಟವನ್ನು ಎಣಿಸಬಹುದು. ಒಂದು ಲೀಟರ್ ಕಡಲನೀರಿನ 3.3 ಮೈಕ್ರೋಗ್ರಾಂ ಯುರೇನಿಯಮ್ಮಿನಲ್ಲಿ ನಿಮಿಷಕ್ಕೆ ಸುಮಾರು 2.4 ಪರಮಾಣು ಒಡೆಯುತ್ತವೆ. ಯಾರೂ ಕದಿಯದಿದ್ದರೆ ಥೋರಿಯಂ-234 ಕೂಡ ನಿಮಿಷಕ್ಕೆ 2.4ರಂತೆಯೇ ಒಡೆಯಬೇಕು, ಬಂದಷ್ಟೇ ಹೋಗಬೇಕು. ಆಗ ಆ ಲೀಟರಿನಲ್ಲಿ ಥೋರಿಯಂ-234ರ ಪರಮಾಣುಗಳು ಇರುವುದು ಸುಮಾರು 1 ಲಕ್ಷದ 20 ಸಾವಿರ. ಗುಬ್ಬಿ ತಾಲ್ಲೂಕಿನ ಜನಸಂಖ್ಯೆ ಎಣಿಸುವ ಅಂಕಿಗಳಲ್ಲೇ ಎಣಿಸಿಬಿಡಬಹುದು! ಜಗತ್ತಿನ ಯಾವ ತಕ್ಕಡಿಯೂ ಅದನ್ನು ತೂಗಲಾರದು. ಆದರೆ ಒಂದೊಂದು ಪರಮಾಣುವೂ ಸಾಯುವಾಗ ಸದ್ದು ಮಾಡಿ ಸಾಯುತ್ತದೆ, ಎಣಿಸುವ ಯಂತ್ರಕ್ಕೆ ಅದು ಸಾಕು.

ಮೇಲಿನ ನೂರು ಮೀಟರಿನಲ್ಲಿ ಈ ಎಣಿಕೆ 2.4 ಬರುವುದಿಲ್ಲ. ವಸಂತದಲ್ಲಿ ಪಾಚಿ ಹಬ್ಬಿದ ಕಡೆ ಒಂದೂವರೆ, ಕೆಲವು ಕಡೆ ಒಂದು. ಕಳ್ಳ ಯಾರೆಂದರೆ, ಕಣ್ಣಿಗೆ ಕಾಣದ ಸಸ್ಯಪ್ಲವಕಗಳು, ಅವನ್ನು ತಿಂದ ಸೀಗಡಿ ಜಾತಿಯ ಸಣ್ಣ ಪ್ರಾಣಿಗಳ ಹಿಕ್ಕೆ, ಸತ್ತ ಜೀವಿಗಳ ಲೋಳೆಗೆ ಲೋಳೆ ಅಂಟಿ ಆದ ಹಿಂಜಿದ ಹತ್ತಿಯಂಥ ಉಂಡೆಗಳು. ಇವೆಲ್ಲ ಮುಳುಗುವಾಗ ಮೈಗೆ ಅಂಟಿದ ಥೋರಿಯಮ್ಮನ್ನೂ ಹೊತ್ತೊಯ್ಯುತ್ತವೆ. ಆ ಉಂಡೆಗಳ ಮೈಯೆಲ್ಲ ಇಂಗಾಲ. ಅದು ಗಾಳಿಯಿಂದ ನೀರಿಗೆ ಬಂದು, ಪಾಚಿಯ ಅಡುಗೆಮನೆ ಹೊಕ್ಕು, ಈಗ ತಳದ ಕಡೆ ಹೊರಟ ಇಂಗಾಲ.

ಇದು ಯಾಕೆ ಮುಖ್ಯ? ಹೀಗೆ ಸಾಗರಗಳ ಮೇಲ್ಪದರದಿಂದ ಕೆಳಗಿಳಿಯುವ ಇಂಗಾಲ ವರ್ಷಕ್ಕೆ 500 ಕೋಟಿಯಿಂದ 1200 ಕೋಟಿ ಟನ್. ಎರಡು ಅಂಕಿಗಳ ನಡುವಿನ ಅಂತರ ನೋಡಿದರೆ ನಮ್ಮ ಅಜ್ಞಾನದ ಅಳತೆಯೂ ಸಿಗುತ್ತದೆ. ಸಾವಿರ ಮೀಟರಿಗಿಂತ ಕೆಳಗೆ ಹೋದದ್ದು ನೂರಾರು ವರ್ಷ ಗಾಳಿಗೆ ಮರಳುವುದಿಲ್ಲ. ಇನ್ನೂರು ಮೀಟರಿನಲ್ಲೇ ಬ್ಯಾಕ್ಟೀರಿಯಾ ತಿಂದುಹಾಕಿದ್ದು ಬೇಗ ವಾಪಸ್ಸು. ತಿಂದದ್ದನ್ನೂ ಥೋರಿಯಂ ಮುಚ್ಚಿಡುವುದಿಲ್ಲ. ಕಣ ಒಡೆದ ಆಳದಲ್ಲಿ ಅದು ನೀರಿಗೆ ಬಿಡುಗಡೆಯಾಗಿ ಎಣಿಕೆ 2.4ನ್ನು ಮೀರುತ್ತದೆ. ಅಟ್ಟದಲ್ಲಿ ಕಮ್ಮಿಯಾದ ಕಾಯಿ ನಡುಮನೆಯಲ್ಲಿ ಸಿಕ್ಕಂತೆ.

ಸುಮ್ಮನೆ ಕೆಳಗೊಂದು ಬೋನು ಇಟ್ಟು ಬಿದ್ದದ್ದನ್ನು ಹಿಡಿದು ತೂಗಬಾರದೇ ಎಂದು ಕೇಳಬಹುದು. ಇಡುತ್ತಾರೆ. ಆದರೆ ಪ್ರವಾಹ ಬೋನಿನ ಬಾಯಿಯನ್ನು ಗುಡಿಸಿಕೊಂಡು ಹೋಗುತ್ತದೆ, ಸೀಗಡಿಗಳು ತಾವಾಗಿ ಒಳಗೆ ಈಜಿ ಬಂದು ತೂಕ ಹೆಚ್ಚಿಸುತ್ತವೆ. ಅಂಟಾರ್ಕ್ಟಿಕ್ ಪರ್ಯಾಯದ್ವೀಪದ ಬಳಿ ಬೋನು ಹಿಡಿದದ್ದು ಥೋರಿಯಂ ಲೆಕ್ಕಕ್ಕಿಂತ ಬಹಳ ಕಡಿಮೆ ಇತ್ತು. ಇನ್ನೊಂದು ತೊಡಕು ಧ್ರುವಗಳದ್ದೇ. ಅಲ್ಲಿಗೆ ಹಡಗು ಹೋಗುವುದು ಬೇಸಿಗೆಯ ಕೆಲವು ವಾರ. ಪಾಚಿಯ ಜಾತ್ರೆ ಹಡಗಿಗೆ ಕಾಯುವುದಿಲ್ಲ. ಆದರೆ ಥೋರಿಯಮ್ಮಿಗೆ ಒಂದು ತಿಂಗಳಷ್ಟು ನೆನಪಿದೆ. ಕಳೆದ ವಾರಗಳಲ್ಲಿ ಆದ ಕೊರತೆ ತುಂಬಿಕೊಳ್ಳಲು ಅದಕ್ಕೆ ಅಷ್ಟು ಕಾಲ ಬೇಕು. ತೇರು ಹೋದ ಮೇಲೆ ಊರಿಗೆ ಬಂದವನಿಗೂ ಬೀದಿಯ ಬಾಳೆಹಣ್ಣು-ದವನ ನೋಡಿ ತೇರಿನ ಗಾತ್ರ ತಿಳಿಯುತ್ತದಲ್ಲ, ಹಾಗೆ.

ಈ ಕೊರತೆಯನ್ನು ಕಡಲಿನಲ್ಲಿ ಮೊದಲು ಅಳೆದದ್ದು ಎಲ್ಲಿ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಮಕ್ಕಳಿಗೆ ಹೇಳುವುದಿಲ್ಲ. ಅದು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ. 1969ರಲ್ಲಿ ಎಸ್. ಜಿ. ಭಟ್, ಎಸ್. ಕೃಷ್ಣಸ್ವಾಮಿ, ದೇವೇಂದ್ರ ಲಾಲ್, ರಾಮ ಹಾಗೂ ಅಮೆರಿಕದ ಡಬ್ಲ್ಯು. ಎಸ್. ಮೂರ್ ಸಮುದ್ರದ ಥೋರಿಯಂ-234 ಮತ್ತು ಯುರೇನಿಯಂ-238ರ ಅನುಪಾತವನ್ನು ಪ್ರಕಟಿಸಿದರು. ಮೇಲಿನ ನೀರಿನಲ್ಲಿ ಥೋರಿಯಂ ಕಮ್ಮಿ ಎಂಬುದನ್ನು ತೋರಿಸಿದ ಆ ಲೇಖನವನ್ನು ಇವತ್ತಿಗೂ ಧ್ರುವ ಸಂಶೋಧಕರು ಉಲ್ಲೇಖಿಸುತ್ತಾರೆ. ತಿಪಟೂರಿನಲ್ಲಿ 1925ರಲ್ಲಿ ಹುಟ್ಟಿದ ರಾಜಾ ರಾಮಣ್ಣನವರೂ ಇದೇ ಸಂಸ್ಥೆಯಲ್ಲಿ ವೃತ್ತಿ ಆರಂಭಿಸಿದವರು. ನಮ್ಮ ಜಿಲ್ಲೆಯಲ್ಲಿ ಪರಮಾಣು ಎಂದರೆ ಪೋಖರಣ್ ನೆನಪಾಗುತ್ತದೆ, ಅವರ ದೆಸೆಯಿಂದ. ಪರಮಾಣು ಎಣಿಸಿ ಕಡಲನ್ನು ಓದಿದವರೂ ಅದೇ ಸಂಸ್ಥೆಯಲ್ಲಿದ್ದರು ಎಂಬುದು ಅಷ್ಟು ನೆನಪಾಗುವುದಿಲ್ಲ.

ಆ ಕಾಲದಲ್ಲಿ ಒಂದು ಅಳತೆಗೆ ನೂರಾರು ಲೀಟರ್ ನೀರು ಬೇಕಿತ್ತು. ಈಗ ಎರಡರಿಂದ ನಾಲ್ಕು ಲೀಟರ್ ಸಾಕು. ನೀರಿಗೆ ಪೊಟ್ಯಾಷಿಯಂ ಪರ್ಮಾಂಗನೇಟ್ ಮತ್ತು ಮ್ಯಾಂಗನೀಸ್ ಕ್ಲೋರೈಡ್ ಸೇರಿಸಿದರೆ ಕಂದು ಗಸಿ ಹೆಪ್ಪುಗಟ್ಟುತ್ತದೆ. ಕೆರೆಯ ಕೆಂಪು ನೀರಿಗೆ ಪಟಿಕ ಆಡಿಸಿದಾಗ ಮಣ್ಣು ಹೇಗೆ ತಳಕ್ಕಿಳಿಯುತ್ತದೋ ಹಾಗೆಯೇ ಥೋರಿಯಂ ಆ ಗಸಿಗೆ ಅಂಟಿ ಇಳಿಯುತ್ತದೆ, ಯುರೇನಿಯಂ ಎಂದಿನಂತೆ ನೀರಿನಲ್ಲೇ ಉಳಿಯುತ್ತದೆ. ಗಸಿಯನ್ನು ಸೋಸಿ, ಶೋಧಕವನ್ನು ಒಣಗಿಸಿ, ಅಲ್ಯೂಮಿನಿಯಂ ಹಾಳೆ ಹೊದಿಸಿ, ಹಡಗಿನಲ್ಲೇ ಬೀಟಾ ಎಣಿಕೆ ಯಂತ್ರದೊಳಗೆ ಇಡುತ್ತಾರೆ. ಮಂಜುಗಡ್ಡೆ ಒಡೆಯುತ್ತ ಸಾಗುವ ಹಡಗಿನ ಕುಲುಕಾಟದಲ್ಲಿ ನಿಮಿಷಕ್ಕೆ ಮೂರೋ ನಾಲ್ಕೋ ಸದ್ದು ಎಣಿಸುವ ಕೆಲಸ. ಜಾಣ್ಮೆಗಿಂತ ತಾಳ್ಮೆ ಬೇಡುವ ವಿಜ್ಞಾನ ಇದು.

ಈ ಉಪಾಯದ ದುರ್ಬಲ ಜಾಗವನ್ನೂ ಹೇಳಬೇಕು. ಕಮ್ಮಿಯಾದದ್ದು ಥೋರಿಯಂ, ನಮಗೆ ಬೇಕಾದದ್ದು ಇಂಗಾಲ. ಇಂತಿಷ್ಟು ಥೋರಿಯಂ ಹೊತ್ತ ಕಣದಲ್ಲಿ ಇಂತಿಷ್ಟು ಇಂಗಾಲ ಎಂಬ ಅನುಪಾತ ಗೊತ್ತಿರಬೇಕು. ಅದಕ್ಕಾಗಿ ಪಂಪುಗಳನ್ನು ಆಳಕ್ಕೆ ಇಳಿಸಿ, ನೂರಾರು ಲೀಟರ್ ನೀರು ಸೋಸಿ, ದಪ್ಪ ಕಣಗಳನ್ನು ಹಿಡಿದು ಎರಡನ್ನೂ ಅಳೆಯುತ್ತಾರೆ. ಈ ಅನುಪಾತ ಒಂದು ಕಡೆ ಇದ್ದಂತೆ ಇನ್ನೊಂದು ಕಡೆ ಇಲ್ಲ, ಒಂದು ಆಳದಲ್ಲಿದ್ದಂತೆ ಇನ್ನೊಂದರಲ್ಲಿ ಇಲ್ಲ. ಎಲ್ಲಿಂದಲೋ ಎರವಲು ತಂದ ಅನುಪಾತದಿಂದ ಗುಣಿಸಿ ಬರೆದ ಅಂಕಿಯನ್ನು ನಾನಂತೂ ನಂಬುವುದಿಲ್ಲ.

ಈ ಎಣಿಕೆ ಒಮ್ಮೆ ದೊಡ್ಡದೊಂದು ಆಸೆಯನ್ನು ಇಳಿಸಿದ ಕತೆಯಲ್ಲಿ ನಮ್ಮ ದೇಶವೇ ಪಾತ್ರಧಾರಿ. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದಲ್ಲಿ ಪಾಚಿಗೆ ಬೇಕಾದ ನೈಟ್ರೇಟ್, ಫಾಸ್ಫೇಟ್ ಧಾರಾಳ. ಕಬ್ಬಿಣ ಮಾತ್ರ ತೀರಾ ಕಮ್ಮಿ. ಹೊಲಕ್ಕೆ ಗೊಬ್ಬರ ಚೆಲ್ಲಿದಂತೆ ಕಡಲಿಗೆ ಕಬ್ಬಿಣ ಚೆಲ್ಲಿದರೆ ಪಾಚಿ ಹುಲುಸಾಗಿ ಬೆಳೆದು, ಮುಳುಗಿ, ಗಾಳಿಯ ಇಂಗಾಲವನ್ನು ಹೂತುಹಾಕುತ್ತದೆ ಎಂಬ ವಾದವಿತ್ತು. 2004ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ನಡೆಸಿದ ‘ಐಫೆಕ್ಸ್’ ಪ್ರಯೋಗ ಈ ವಾದಕ್ಕೆ ಬಲ ಕೊಟ್ಟಿತು. ಗಾಜಿನ ಕವಚದ ಡಯಾಟಮ್ ಪಾಚಿ ಸಮೃದ್ಧವಾಗಿ ಬೆಳೆದು, ಅದರಲ್ಲಿ ಕನಿಷ್ಠ ಅರ್ಧದಷ್ಟು ಸಾವಿರ ಮೀಟರಿಗಿಂತ ಕೆಳಗೆ ಮುಳುಗಿತು. ಮುಂದಿನದು 2009ರ ‘ಲೋಹಾಫೆಕ್ಸ್’. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಮತ್ತು ಜರ್ಮನಿಯ ಆಲ್ಫ್ರೆಡ್ ವೆಗೆನರ್ ಸಂಸ್ಥೆ ಜಂಟಿಯಾಗಿ ನಡೆಸಿದ್ದು, ಎಸ್. ಡಬ್ಲ್ಯು. ಎ. ನಖ್ವಿ ಮತ್ತು ವಿಕ್ಟರ್ ಸ್ಮೆಟಾಚೆಕ್ ಮುಂದಾಳುಗಳು. ಹೆಸರಿನ ‘ಲೋಹ’ ಹಿಂದಿಯ ಕಬ್ಬಿಣ. ಕನ್ನಡದ ಕಿವಿಗೆ ಅದು ಯಾವ ಲೋಹವೂ ಆಗಬಹುದು ಬಿಡಿ. ಅದೇ ಹಡಗು ಜನವರಿಯಲ್ಲಿ ಕೇಪ್‌ಟೌನ್ ಬಿಟ್ಟ ಮೇಲೆ ಪರಿಸರವಾದಿಗಳ ಆಕ್ಷೇಪದಿಂದ ಜರ್ಮನ್ ಸರ್ಕಾರ ಪ್ರಯೋಗವನ್ನು ತಡೆಹಿಡಿಯಿತು. ಕೆಲವು ದಿನಗಳ ನಂತರ ಒಪ್ಪಿಗೆ ಬಂತು. ಅಟ್ಲಾಂಟಿಕ್‌ನ ದಕ್ಷಿಣ ಭಾಗದ ಒಂದು ದೊಡ್ಡ ಸುಳಿಯಲ್ಲಿ ಸುಮಾರು 300 ಚದರ ಕಿಲೋಮೀಟರ್ ಹರವಿಗೆ 10 ಟನ್ ಕಬ್ಬಿಣದ ಸಲ್ಫೇಟ್ ಸುರಿದರು, ಕೆಲವು ವಾರಗಳಲ್ಲಿ ಇನ್ನೊಮ್ಮೆ ಸುರಿದರು, 39 ದಿನ ಆ ನೀರಿನ ಬೆನ್ನು ಹತ್ತಿದರು.

ಪಾಚಿ ಬೆಳೆಯಿತು. ಮುಳುಗಲಿಲ್ಲ. ಕಬ್ಬಿಣ ಸುರಿದ ಜಾಗದ ಒಳಗೂ ಹೊರಗೂ ಥೋರಿಯಂ-234ರ ಕೊರತೆ ಒಂದೇ ಸಮ ಇತ್ತು. ಕಾರಣ, ಆ ನೀರಿನಲ್ಲಿ ಕರಗಿದ ಸಿಲಿಕಾ ತೀರಾ ಕಮ್ಮಿಯಿತ್ತು. ಡಯಾಟಮ್‌ಗಳಿಗೆ ಗಾಜಿನ ಕವಚ ಕಟ್ಟಲು ಸಾಮಗ್ರಿ ಇಲ್ಲದೆ ಕವಚವಿಲ್ಲದ ಸಣ್ಣ ಪಾಚಿ ಬೆಳೆದವು. ಅವನ್ನು ಪುಟ್ಟ ಪ್ರಾಣಿಗಳು ಮೇದವು, ಆ ಪ್ರಾಣಿಗಳನ್ನು ಸೀಗಡಿಯಂಥ ದೊಡ್ಡವು ಹಿಡಿದವು, ಇಂಗಾಲ ಮೇಲ್ಪದರದಲ್ಲೇ ಸುತ್ತು ಹೊಡೆಯಿತು. ಉಪಗ್ರಹದಿಂದ ನೋಡಿದವರಿಗೆ ಕಂಡದ್ದು ಹಸಿರು ಕಲೆ, ಅಂದರೆ ಯಶಸ್ಸು. ನೀರನ್ನು ಎಣಿಸಿದವರಿಗೆ ಮಾತ್ರ ಸತ್ಯ ಗೊತ್ತಾಯಿತು. ಇವತ್ತಿಗೂ ಕಡಲಿಗೆ ಕಬ್ಬಿಣ ಸುರಿದು ಕಾರ್ಬನ್ ಕ್ರೆಡಿಟ್ ಮಾರುತ್ತೇವೆ ಎನ್ನುವವರು ಇದ್ದಾರೆ. ಅವರನ್ನು ಕೇಳಬೇಕಾದ್ದು ಒಂದೇ ಪ್ರಶ್ನೆ: ಹಸಿರಿನ ಚಿತ್ರ ಆಮೇಲೆ, ಥೋರಿಯಂ ಎಷ್ಟು ಕಮ್ಮಿಯಾಯಿತು ಹೇಳಿ.

ಉತ್ತರ ಧ್ರುವದ ಕತೆ ಬೇರೆ. 2012ರ ಸೆಪ್ಟೆಂಬರಿನಲ್ಲಿ ಆರ್ಕ್ಟಿಕ್ ಸಾಗರದ ಮಂಜು ದಾಖಲೆಯ ಮಟ್ಟಕ್ಕೆ ಕುಗ್ಗಿತು. ಆ ಬೇಸಿಗೆ ಅದೇ ಪೋಲಾರ್‌ಸ್ಟರ್ನ್ ಹಡಗು ಅಲ್ಲಿತ್ತು. ಥೋರಿಯಂ ಹೇಳಿದ್ದು: ಮುಳುಗುತ್ತಿರುವ ಇಂಗಾಲ ಬಹಳ ಕಡಿಮೆ, ದಿನಕ್ಕೆ ಚದರ ಮೀಟರಿಗೆ ಸರಾಸರಿ 24 ಮಿಲಿಗ್ರಾಂ. ಅಷ್ಟಕ್ಕೇ ನಂಬಿ ಹಿಂತಿರುಗಿದ್ದರೆ ಅರ್ಧ ಕತೆಯೇ ತಪ್ಪುತ್ತಿತ್ತು. ಆದರೆ ತಂಡ ಇನ್ನೊಂದು ಜೋಡಿಯನ್ನೂ ಎಣಿಸಿತ್ತು. ಪೊಲೋನಿಯಂ-210 ಮತ್ತು ಅದರ ಹಿರಿಯ ಸೀಸ-210. ಪೊಲೋನಿಯಂ ಮೈಮೇಲೆ ಅಂಟುವುದಷ್ಟೇ ಅಲ್ಲ, ಜೀವಕೋಶದೊಳಗೂ ಹೊಗುತ್ತದೆ. ಅದರ ಅರ್ಧಾಯು 138 ದಿನ, ಆದ್ದರಿಂದ ಅದರ ನೆನಪು ಹಲವು ತಿಂಗಳಷ್ಟು ಉದ್ದ. ಅದು ನೆನಪಿಸಿದ್ದು: ಹಡಗು ಬರುವ ಮೊದಲೇ, ಜುಲೈ-ಆಗಸ್ಟಿಗೂ ಮುಂಚೆ, ಹೆಚ್ಚು ಮುಳುಗಿ ಆಗಿತ್ತು, ಮಂಜು ಗಟ್ಟಿಯಾಗಿದ್ದ ಕಡೆಯೇ ಹೆಚ್ಚು ಮುಳುಗಿತ್ತು. ಮಂಜಿನ ಅಡಿಗೆ ಬೆಳೆಯುವ ಪಾಚಿ ಉಂಡೆಯಾಗಿ ಕಳಚಿಕೊಂಡು ಬೀಳುವ ಕಡಲು ಅದು. ಮಂಜು ಹೋದರೆ ಬಿಸಿಲು ಹೆಚ್ಚಿ, ಪಾಚಿ ಹೆಚ್ಚಿ, ಮುಳುಗುವುದೂ ಹೆಚ್ಚುತ್ತದೆ ಎಂಬ ಸಲೀಸು ತರ್ಕಕ್ಕೆ ಇದು ಒಗ್ಗಲಿಲ್ಲ.

ಸೀಸ-210 ನಮ್ಮೂರಿಗೂ ಹತ್ತಿರದ್ದು. ಗ್ರಾನೈಟ್ ನೆಲದಿಂದ ರೇಡಾನ್ ಅನಿಲ ಹೊರಬಿದ್ದು ಗಾಳಿಯಲ್ಲಿ ಒಡೆದು ಸೀಸ-210 ಆಗುತ್ತದೆ, ಮಳೆಯೊಂದಿಗೆ ಇಳಿಯುತ್ತದೆ, ಕೆರೆಯ ಹೂಳಿನಲ್ಲಿ ಪದರ ಪದರವಾಗಿ ಕೂರುತ್ತದೆ. 22 ವರ್ಷಕ್ಕೆ ಅರ್ಧವಾಗುವ ಇದನ್ನು ಎಣಿಸಿದರೆ ಹೂಳಿನ ನೂರು ವರ್ಷದ ದಿನಚರಿ ಓದಬಹುದು. 1971ರಲ್ಲಿ ಈ ಕ್ರಮವನ್ನು ಸರೋವರಗಳಿಗೆ ಅನ್ವಯಿಸಿ ತೋರಿಸಿದ್ದು ಮೇಲೆ ಹೇಳಿದ ಕೃಷ್ಣಸ್ವಾಮಿ, ಲಾಲ್ ಮತ್ತು ಫ್ರಾನ್ಸಿನ ಅವರ ಗೆಳೆಯರು. ಮಂಗಳೂರು ವಿಶ್ವವಿದ್ಯಾಲಯದ ಪ್ರಯೋಗಾಲಯ ಕರಾವಳಿಯಲ್ಲಿ ಪೊಲೋನಿಯಂ-210, ಸೀಸ-210 ಎರಡನ್ನೂ ಅಳೆಯುತ್ತ ಬಂದಿದೆ. ಜನಪದ ಹಾಡಿಗೆ ಸಿಕ್ಕ ಕುಣಿಗಲ್ ದೊಡ್ಡಕೆರೆಯಲ್ಲಾಗಲಿ, ತುಮಕೂರಿನ ಅಮಾನಿಕೆರೆಯಲ್ಲಾಗಲಿ ಮುಂದಿನ ಸಲ ಜೆಸಿಬಿ ಇಳಿಸುವ ಮೊದಲು ಒಂದು ಉದ್ದನೆಯ ಕೊಳವೆಯಷ್ಟು ಹೂಳನ್ನು ಕದಡದೆ ಎತ್ತಿಟ್ಟುಕೊಳ್ಳಿ. ಒಮ್ಮೆ ಟ್ರ್ಯಾಕ್ಟರಿಗೆ ತುಂಬಿದ ಮೇಲೆ ಆ ದಿನಚರಿಯ ಹಾಳೆಗಳನ್ನು ಮತ್ತೆ ಜೋಡಿಸಲಾಗದು.

ಧ್ರುವದಿಂದ ಹಡಗು ದಡ ಸೇರಿದ ಮೇಲೂ ಥೋರಿಯಂ ಲೆಕ್ಕ ಮುಗಿಯುವುದಿಲ್ಲ. ಹಡಗಿನಲ್ಲಿ ಎಣಿಸಿದ ಅದೇ ಶೋಧಕಗಳನ್ನು ಜೋಪಾನವಾಗಿ ತಂದು ಪ್ರಯೋಗಾಲಯದ ಕಪಾಟಿನಲ್ಲಿಡುತ್ತಾರೆ. ಆರು ತಿಂಗಳು ಕಳೆದಾಗ ಥೋರಿಯಂ-234 ನೂರರಲ್ಲಿ ಒಂದು ಪಾಲೂ ಉಳಿದಿರುವುದಿಲ್ಲ. ಆಗ ಇನ್ನೊಮ್ಮೆ ಯಂತ್ರದೊಳಗೆ ಇಟ್ಟು ಎಣಿಸುತ್ತಾರೆ. ಈಗ ಬರುವ ಸದ್ದು ಬೇರೆ ಪರಮಾಣುಗಳದ್ದು, ಯಂತ್ರದ್ದು. ಅದನ್ನು ಮೊದಲಿನ ಎಣಿಕೆಯಿಂದ ಕಳೆದ ಮೇಲೆ ಉಳಿದದ್ದಷ್ಟೇ ಲೆಕ್ಕಕ್ಕೆ.